ಉಗುರಿನಷ್ಟು ಕಬ್ಬಿಣ

ಹಂಪ್ ದಾಟುವಾಗ ಬೈಕಿನ ಹಿಂದಿನಿಂದ ಟಕ್ ಎಂದು ಶಬ್ದ ಬಂದರೆ ಮೊದಮೊದಲು ಎಲ್ಲರೂ ತಿರುಗಿ ನೋಡುತ್ತಾರೆ. ಆಮೇಲೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯ ಕಿಡಿಯಣ್ಣ ಹಾಗೆ ಬಿಡುವ ಆಸಾಮಿಯಲ್ಲ. ಶಬ್ದ ಬಂದ ದಿನವೇ ತನ್ನ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿದ. ಬೋಲ್ಟಿನ ಸುತ್ತಲಿನ ರಬ್ಬರ್ ಬುಷ್ ಹರಿದುಹೋಗಿ ಬೋಲ್ಟಿನ ನಡು ಸವೆದಿತ್ತು. ಸವೆದ ಜಾಗಕ್ಕೆ ವೆಲ್ಡ್ ತುಂಬಿದ, ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿದ, ಮತ್ತೆ ಅಲ್ಲೇ ಕೂರಿಸಿದ. ಊರಿನ ಗೇಟು, ಕಿಟಕಿ, ನೀರಿನ ಟ್ಯಾಂಕಿನ ಏಣಿ ಎಲ್ಲವನ್ನೂ ಬೆಸೆದ ಕೈ ಅದು. ಬೆರಳುದ್ದದ ಬೋಲ್ಟು ಯಾವ ಲೆಕ್ಕ?

ಅದೇ ಬೈಕಿನ ಮೇಲೆ ದಿನಾ ಮಗಳನ್ನು ಕೂರಿಸಿಕೊಂಡು ಇಳಿಜಾರಿನ ಕೆಳಗಿದ್ದ ಶಾಲೆಗೆ ಬಿಟ್ಟು ಬರುತ್ತಿದ್ದ. ಆ ರಸ್ತೆಯಲ್ಲಿ ಲಾರಿಗಳ ಸಾಲು.

ಒಂದು ರಜೆಯ ದಿನ ನಾದಿನಿ ಬಂದಳು. ಹೆಂಡತಿಯ ತಂಗಿ, ಪೇಟೆಯ ಗ್ಯಾರೇಜಿನಲ್ಲಿ ಬೈಕ್ ಮೆಕ್ಯಾನಿಕ್. ಬಸ್ ನಿಲ್ದಾಣದಿಂದ ಭಾವನ ಹಿಂದೆ ಕೂತು ಬಂದವಳು ಮನೆಯೊಳಗೆ ಹೋಗಲಿಲ್ಲ. ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

"ಭಾವ, ಇದು ಟಕ್ ಅಂತಿದೆಯಲ್ಲ, ಯಾವಾಗಿಂದ?"

"ಒಂದ್ಸಲ ರಿಪೇರಿ ಆಗಿದೆ. ಈಗ ಮತ್ತೆ ಸ್ವಲ್ಪ ಶುರುವಾಗಿದೆ, ಅಷ್ಟೆ. ಬಾ, ಟೀ ಕುಡಿ."

"ಯಾರು ಮಾಡಿದ್ದು ರಿಪೇರಿ?"

"ನಾನೇ. ವೆಲ್ಡ್ ಹಾಕ್ದೆ."

"ಬೋಲ್ಟಿಗಾ?"

"ಇಲ್ಲ, ನಿಮ್ಮಕ್ಕನಿಗೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುಮ್ಮನಿರಲಿಲ್ಲ. "ನನ್ನ ಬಾಯಿಗೆ ವೆಲ್ಡ್ ಹಾಕ್ಬೇಕು ಅಂತ ಅವರಿಗೂ ಬಹಳ ದಿನದ ಆಸೆ. ರಾಡ್ ಸಾಲ್ತಿಲ್ಲ, ಪಾಪ."

ನಾದಿನಿ ನಗಲಿಲ್ಲ. "ನಾಳೆ ಮಗೂನ ಇದರ ಮೇಲೆ ಕೂರಿಸ್ಬೇಡಿ, ಭಾವ."

"ನೋಡಮ್ಮ, ಹೊಸ ಬೋಲ್ಟ್ ಮಾರೋದು ನಿಮ್ಮ ಗ್ಯಾರೇಜಿನ ವ್ಯಾಪಾರ. ನನ್ನ ವೆಲ್ಡ್ ಮುರಿದ್ರೆ ಮೀಸೆ ಬೋಳಿಸ್ತೀನಿ."

"ಹಾಗಾದ್ರೆ ಬಿಚ್ಚಿ ನಿಮ್ಮ ವೈಸಿಗೇ ಹಾಕೋಣ. ಸುತ್ತಿಗೇನೂ ನೀವೇ ಹಿಡೀರಿ. ಮುರೀದಿದ್ರೆ ನಾನು ಬಾಯಿ ಮುಚ್ಕೊಂಡು ಉಂಡು ಹೋಗ್ತೀನಿ."

ಬೈಕನ್ನು ಅಂಗಡಿಗೆ ತಳ್ಳಿಕೊಂಡು ಹೋಗಿ ನಡುಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರದ ಕೆಳಗೆ ಮರದ ತುಂಡು ಕೊಟ್ಟು ಭಾರ ತಡೆದು ಬೋಲ್ಟ್ ಹೊರತೆಗೆದರು. ಕಬ್ಬಿಣ ಬಿಗಿದು ಹಿಡಿಯುವ ವೈಸಿನ ದವಡೆಗೆ ಅದನ್ನು ಕಚ್ಚಿಸಿ, ಕನ್ನಡಕ ಹಾಕಿಕೊಂಡು, ಕಿಡಿಯಣ್ಣ ಸುತ್ತಿಗೆ ಎತ್ತಿದ. ಮೊದಲನೆಯದು ಬರೀ ಅಂದಾಜು ನೋಡುವ ಪೆಟ್ಟು. ಬೋಲ್ಟು ಬಾಗಲಿಲ್ಲ. ಸೀಮೆಸುಣ್ಣದ ಹಾಗೆ ಪಟ್ಟೆಂದು ಮುರಿದು ತುಂಡು ನೆಲದ ಮೇಲೆ ಉರುಳಿತು.

ಅವನು ತುಂಡನ್ನು ಎತ್ತಿಕೊಂಡು ಮೊದಲು ತನ್ನ ವೆಲ್ಡನ್ನೇ ನೋಡಿದ. ಅದು ಹಾಗೇ ಇತ್ತು. ಮುರಿದದ್ದು ಅದರ ಪಕ್ಕಕ್ಕೆ, ಒಂದು ಗೆರೆಯಷ್ಟು ಆಚೆ.

"ಮೀಸೆ ಉಳೀತು, ಭಾವ," ಎಂದಳು ನಾದಿನಿ. "ವೆಲ್ಡ್ ಮುರೀಲಿಲ್ಲ, ಪಕ್ಕದ್ದು ಮುರೀತು. ಈ ಬೋಲ್ಟಿಗೆ ಕಾರ್ಖಾನೇಲಿ ಕಾಯಿಸಿ ತಣಿಸಿ ಹದ ಕೊಟ್ಟಿರ್ತಾರೆ. ವೆಲ್ಡ್ ಕಾವಿಗೆ ಆ ಹದ ಕೆಡುತ್ತೆ, ಪಕ್ಕದ ಜಾಗ ಪೆಡಸಾಗಿ ಬಿರುಕು ಬಿಡುತ್ತೆ. ಗೇಟಿಗೆ ನಡೆಯೋದು ಇದಕ್ಕೆ ನಡೆಯಲ್ಲ."

ಕಿಡಿಯಣ್ಣನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ತುಂಡನ್ನು ಬಾಗಿಲ ಬಿಸಿಲಿಗೆ ಹಿಡಿದಿದ್ದ. ಮುರಿದ ಕಬ್ಬಿಣವನ್ನು ಓದುವುದು ಅವನಿಗೆ ಗೊತ್ತು. ಕಪ್ಪಾಗಿದ್ದರೆ ಹಳೆಯ ಬಿರುಕು, ಹೊಳೆದರೆ ಈಗ ಮುರಿದದ್ದು. ಬೋಲ್ಟಿನ ಮುರಿದ ಮುಖ ಪೂರಾ ಕಪ್ಪು. ಒಂದು ಅಂಚಿನಲ್ಲಿ ಮಾತ್ರ, ಕತ್ತರಿಸಿ ಬಿಸಾಡಿದ ಉಗುರಿನಷ್ಟು ಜಾಗ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಹಾಗಾದರೆ ಇಷ್ಟು ದಿನ ಹಿಡಿದುಕೊಂಡಿದ್ದು ಇದೊಂದೇ. ನಿನ್ನೆ ಇಳಿಜಾರಿನಲ್ಲಿ ಲಾರಿ ಪಕ್ಕಕ್ಕೆ ಬಂದಾಗ, ಅವನು ಹೊಂಡ ತಪ್ಪಿಸಲಾರದೆ ಹೊಂಡಕ್ಕೇ ಇಳಿಸಿದಾಗ, ಹಿಂದೆ ಮಗಳು ಅವನ ಹೊಟ್ಟೆ ತಬ್ಬಿ ಮಗ್ಗಿ ಒಪ್ಪಿಸುತ್ತಿದ್ದಾಗ, ಈ ಹೊಳೆಯುವ ಚೂರು ಬಿಡಲಿಲ್ಲ. ಅವನಿಗಾದದ್ದು ಹೆದರಿಕೆಯೋ ಬೆರಗೋ ತಿಳಿಯಲಿಲ್ಲ. ಕಬ್ಬಿಣದ ಜೊತೆ ಇಷ್ಟು ವರ್ಷ ಕಳೆದವನು ಮೊದಲ ಸಲ ಅದನ್ನು ಅಂಗೈಯಲ್ಲಿ ಮೆಲ್ಲಗೆ ಹಿಡಿದುಕೊಂಡ.

"ಪೂರ್ತಿ ಮುರಿದಿದ್ರೆ?" ಎಂದು ಹೆಂಡತಿ ಕೇಳಿದಳು.

"ಶಾಕ್ ಅಬ್ಸಾರ್ಬರ್ ಕಳಚಿ ಚಕ್ರಕ್ಕೆ ಸಿಕ್ಕೊಳ್ಳಬಹುದಿತ್ತು ಅಕ್ಕ. ಓಡ್ತಾ ಇರೋವಾಗ."

ಹೆಂಡತಿ ತುಂಡನ್ನು ಇಸಿದುಕೊಂಡು ಬಿಸಿಲಿಗೆ ತಿರುಗಿಸಿ ನೋಡಿದಳು. "ಇಷ್ಟೇ ಇಷ್ಟು. ಇದು ಇದೆ ಅಂತಾನೇ ನಮಗೆ ಗೊತ್ತಿರಲಿಲ್ಲ," ಎಂದಳು.

ರಜೆಯಾದ್ದರಿಂದ ಬಿಡಿಭಾಗದ ಅಂಗಡಿ ಮುಚ್ಚಿತ್ತು. ಮರುದಿನ ಮಗಳು ಅಪ್ಪನ ಕೈ ಹಿಡಿದು ನಡೆದೇ ಶಾಲೆಗೆ ಹೋದಳು. ಅಂಗಡಿ ತೆರೆದ ಮೇಲೆ ಅದೇ ಮಾದರಿಯ ಬೋಲ್ಟು, ಹೊಸ ಬುಷ್, ವಾಷರ್, ಲಾಕ್ ನಟ್ ಬಂದವು. ಇನ್ನೊಂದು ಬದಿಯದನ್ನೂ ಬಿಚ್ಚಿದರೆ ಅದಕ್ಕೆ ತುಕ್ಕು ಹಿಡಿದು ತಿರುಪಿನ ಗೆರೆ ಸವೆದಿತ್ತು, ಅದನ್ನೂ ಬದಲಿಸಿದರು. ಕಿಡಿಯಣ್ಣ ಸ್ಪ್ಯಾನರಿಗೆ ಮೈಭಾರವೆಲ್ಲ ಬಿಟ್ಟಾಗ ನಾದಿನಿ ತಡೆದಳು.

"ಸಾಕು ಭಾವ. ಅತಿಯಾಗಿ ಬಿಗಿದ್ರೂ ಬೋಲ್ಟು ಎಳೆದುಹೋಗುತ್ತೆ. ಕಂಪನಿ ಹೇಳಿದ ಬಿಗಿತ ಅಳೆಯೋ ಟಾರ್ಕ್ ವ್ರೆಂಚ್ ತಂದಿದೀನಿ, ತಗೊಳ್ಳಿ."

ಅವನು ತೆಗೆದುಕೊಂಡ. ವ್ರೆಂಚ್ ಬಿಗಿತ ಸಾಕೆಂದು ತೋರಿಸಿದಲ್ಲಿ ಕೈ ನಿಲ್ಲಿಸಿದ.

ಓದುಗರೇ, ನಿಮ್ಮ ಬೈಕು ಹಂಪಿನಲ್ಲಿ ಟಕ್ ಎನ್ನುತ್ತಿದೆಯೇ? ಹಿಂಬದಿ ಅಲುಗಾಡುತ್ತಿದೆಯೇ? ಇವತ್ತೇ ಶಾಕ್ ಅಬ್ಸಾರ್ಬರಿನ ಬೋಲ್ಟುಗಳನ್ನು ತಿಳಿದವರಿಂದ ಬಿಚ್ಚಿಸಿ ನೋಡಿ. ಸವೆದಿದ್ದರೆ, ಬಾಗಿದ್ದರೆ, ತುಕ್ಕು ತಿಂದಿದ್ದರೆ, ತಿರುಪಿನ ಗೆರೆ ಹಾಳಾಗಿದ್ದರೆ ಬದಲಿಸಿ. ವೆಲ್ಡ್ ಹಾಕಬೇಡಿ. ಕೈಗೆ ಸಿಕ್ಕ ಬೋಲ್ಟು ತುರುಕಬೇಡಿ. ಬೋಲ್ಟಿನ ತಲೆಯ ಮೇಲೆ ಕೆತ್ತಿದ, ಅದರ ಗಟ್ಟಿತನ ಹೇಳುವ ಅಂಕಿ ಹಳೆಯದಕ್ಕೆ ಸರಿಹೊಂದುತ್ತದೆಯೇ ಎಂದು ನೋಡಿಯೇ ಕೊಳ್ಳಿ. ಹಾಕಿದ ಮೇಲೆ ಕೆಲವು ದಿನ ಬಿಟ್ಟು ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಿ.

ನಿಮ್ಮ ಹಿಂದೆ ಕೂರುವವರು ಬೋಲ್ಟು ನೋಡಿ ಹತ್ತುವುದಿಲ್ಲ, ನಿಮ್ಮ ಮುಖ ನೋಡಿ ಹತ್ತುತ್ತಾರೆ. ಬೋಲ್ಟು ನೀವು ನೋಡಿ.