ಶಿಮರನ ಕೈಯ ಚೀಟಿ

ನನ್ನನ್ನು ಶಿಮರನಿಗೆ ಮದುವೆ ಮಾಡಿಕೊಡುತ್ತಾರೆ ಎಂದು ಗೊತ್ತಾದ ದಿನ ನಮ್ಮಜ್ಜಿ ಊಟ ಬಿಟ್ಟಳು. ಹುಡುಗ ಜೇನು ಸಾಕುತ್ತಾನೆ, ಚಟ ಇಲ್ಲ, ದನಿ ಎತ್ತರಿಸಿ ಮಾತಾಡುವವನಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಅವಳದು ಒಂದೇ ಹಟ. ಮೊಹರಂ ಹತ್ತನೆಯ ದಿನ ಇಮಾಮ್ ಹುಸೇನರ ಕೊರಳಿಗೆ ಕತ್ತಿ ಇಡುವವನ ಮನೆಗೆ ಹೆಣ್ಣು ಕೊಡುವುದುಂಟೇ ಎಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಅದು ಬರೀ ಆಟ ಎಂದು ಸಮಾಧಾನ ಮಾಡಲು ಹೋದರೆ, ನಾನು ಕಣ್ಣಾರೆ ನೋಡಿದ್ದೇನೆ, ನನಗೆ ಹೇಳಿಕೊಡಬೇಡ ಎಂದು ನನ್ನನ್ನೇ ಗದರಿದಳು.

ಇಸ್ಫಹಾನ್ ಕಡೆಯ ಖಾನ್ಸಾರ್ ಸುತ್ತಿನ ನಮ್ಮ ಹಳ್ಳಿಗಳಲ್ಲಿ ತಾಝಿಯೆ ನೋಡುವವರೆಲ್ಲ ಹೀಗೆಯೇ. ಕರ್ಬಲಾದಲ್ಲಿ ಇಮಾಮರನ್ನೂ ಅವರ ಕಡೆಯವರನ್ನೂ ನೀರು ಕೊಡದೆ ಕೊಂದದ್ದನ್ನು ಊರಿನ ಚೌಕದಲ್ಲಿ ಆಡಿ ತೋರಿಸುವ ಆಟ ಅದು. ಹಸಿರುಟ್ಟ ಇಮಾಮರ ಕಡೆಯವರು ಹಾಡುತ್ತಾರೆ, ಕೆಂಪುಟ್ಟ ವೈರಿಗಳು ಅಬ್ಬರಿಸುತ್ತಾರೆ. ಕೊನೆಗೆ ಏನಾಗುತ್ತದೆ ಎಂದು ಎಳೆಮಕ್ಕಳಿಗೂ ಗೊತ್ತು, ಆದರೂ ಎಲ್ಲರೂ ಬಿಕ್ಕಿಬಿಕ್ಕಿ ಅಳುತ್ತಾರೆ. ನನ್ನ ಗಂಡ ಬರಾತ್ ಅಲಿ ಮೀಸೆ ಚಿಗುರಿದಾಗಿನಿಂದ ಇಮಾಮರನ್ನು ಕೊಲ್ಲುವ ಶಿಮರ್. ಕೆಂಪು ನಿಲುವಂಗಿ, ಮೊಣಕಾಲವರೆಗಿನ ಬೂಟು, ಇಸ್ಫಹಾನಿನಲ್ಲಿ ಕೊಂಡ ಕಪ್ಪು ಕನ್ನಡಕ ಹಾಕಿಕೊಂಡು ಇವರು ಚೌಕಕ್ಕೆ ಕಾಲಿಟ್ಟರೆ, ನಿನ್ನ ಕೈಗೆ ಹುಳ ಬೀಳ ಎಂದು ಹೆಂಗಸರು ಶಾಪ ಹಾಕುತ್ತಾರೆ. ಒಮ್ಮೆ ಒಬ್ಬ ಮುದುಕಿ ಎಸೆದ ಚಪ್ಪಲಿ ತಾಗಿ ಹಣೆ ಊದಿಕೊಂಡಿತ್ತು. ಆಟ ಚೆನ್ನಾಗಿ ಬಂತು ಎಂದು ಇವರಿಗೆ ವಾರವಿಡೀ ಖುಷಿ. ಮಾರನೆಯ ದಿನ ರೊಟ್ಟಿ ಅಂಗಡಿಯ ಸಾಲಿನಲ್ಲಿ ನನಗೆ ಗೇಲಿ ತಪ್ಪಿದ್ದಲ್ಲ. ಇಮಾಮರ ಮಕ್ಕಳಿಗೆ ನೀರು ತಡೆದವರ ಮನೆಯವಳು, ಅವಳನ್ನು ಮೊದಲು ಬಿಡಿ, ಇಲ್ಲದಿದ್ದರೆ ನಮ್ಮ ನಲ್ಲಿಯನ್ನೂ ನಿಲ್ಲಿಸಿಬಿಟ್ಟಾಳು ಎನ್ನುತ್ತಾರೆ. ನಾನೂ ನಾಚಿಕೆ ಬಿಟ್ಟು ಮುಂದೆ ಹೋಗಿ ಬಿಸಿ ರೊಟ್ಟಿ ತೆಗೆದುಕೊಂಡು ಬರುತ್ತೇನೆ.

ಇಷ್ಟೆಲ್ಲ ಅಬ್ಬರದ ನಡುವೆ ಇವರ ಎಡಗೈಯಲ್ಲಿ ಅಂಗೈಯಗಲದ ಒಂದು ಚೀಟಿ ಇರುತ್ತದೆ. ಶಿಮರ್ ಆಡಬೇಕಾದ ಮಾತುಗಳೆಲ್ಲ ಅದರಲ್ಲಿವೆ. ಇವರಿಗೆ ಅದು ಬಾಯಿಪಾಠ, ನಿದ್ದೆಯಿಂದ ಎಬ್ಬಿಸಿದರೂ ಒಂದಕ್ಷರ ತಪ್ಪದೆ ಹೇಳುತ್ತಾರೆ. ಆದರೂ ಆಟದಲ್ಲಿ ನೋಡಿಕೊಂಡೇ ಓದುತ್ತಾರೆ. ಇವರಿಗಿಂತ ಮೊದಲು ಶಿಮರ್ ಆದವರೂ ಓದಿಯೇ ಆಡಿದ್ದು. ಈ ಮಾತು ನನ್ನ ಎದೆಯಿಂದ ಬಂದದ್ದಲ್ಲ, ಯಾರೋ ಬರೆದದ್ದನ್ನು ಓದುತ್ತಿದ್ದೇನೆ, ನಾನು ನಿಮ್ಮ ಬರಾತ್ ಅಲಿ ಎಂದು ಮೇಲಿರುವ ದೇವರಿಗೂ ಸುತ್ತ ಕೂತವರಿಗೂ ಆ ಚೀಟಿ ಹೇಳುತ್ತಿರುತ್ತದೆ. ಕತ್ತಿ ಎತ್ತುವ ಹೊತ್ತಿಗೆ ಕಪ್ಪು ಕನ್ನಡಕದ ಕೆಳಗೆ ಕೆನ್ನೆ ಒದ್ದೆಯಾಗಿರುತ್ತದೆ. ಅಳುತ್ತ ಕೊಲ್ಲುವ ಕೇಡಿಯನ್ನು ನಮ್ಮವರಲ್ಲದೆ ಇನ್ಯಾರು ಹುಟ್ಟಿಸಿಯಾರು? ಈ ವಿಷಯದಲ್ಲಿ ನನಗೆ ನನ್ನ ಜನರ ಮೇಲೆ ಬಹಳ ಹೆಮ್ಮೆ.

ನಮಗೆ ಒಬ್ಬಳೇ ಮಗಳು, ರುಖ್ಸಾರೆ. ಊರಿನ ಆಟದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿಲ್ಲ. ಇಮಾಮರ ತಂಗಿಯ ಪಾತ್ರವನ್ನೂ ಮುಸುಕು ಹೊದ್ದ ಗಂಡಸೇ ಮಾಡುವುದು. ಇವಳು ಪರದೆಯ ಹಿಂದೆ ಬಟ್ಟೆ ಮಡಚುತ್ತ, ಕೆಂಪಿನವರದೂ ಹಸಿರಿನವರದೂ ಎಲ್ಲ ಮಾತುಗಳನ್ನು ಕಲಿತುಬಿಟ್ಟಿದ್ದಳು. ಕಲಿತದ್ದನ್ನು ಎಲ್ಲಿ ಆಡುವುದು? ಟೆಹರಾನಿಗೆ ಹೋಗಿ ನಾಟಕ ಓದಿದಳು, ನಿರ್ದೇಶಕಿಯಾದಳು, ತಂಡ ಕಟ್ಟಿದಳು. ಮೊದಲಿನ ನಾಟಕಗಳಿಗೆ ಜನ ಬರಲಿಲ್ಲ. ಈ ಸಲದ್ದೂ ಬಿದ್ದರೆ ತಂಡ ಉಳಿಯುವುದಿಲ್ಲ ಎಂದು ಫೋನಿನಲ್ಲಿ ಹೇಳಿ ಅತ್ತಿದ್ದಳು.

ಆ ಹೊಸ ನಾಟಕ ಹಳ್ಳಿಯ ಒಬ್ಬ ಶಿಮರನ ಕಥೆ. ಬೇರೆ ಪಾತ್ರಗಳಿಗೆಲ್ಲ ಪಟ್ಟಣದ ನಟರು. ಕೊನೆಯ ಭಾಗದಲ್ಲಿ ಮಾತ್ರ ನಿಜವಾದ ಶಿಮರ್ ಬಂದು ನಿಜವಾದ ತಾಝಿಯೆ ಆಡಬೇಕು, ಅದಕ್ಕೆ ಬಾಬಾನೇ ಬೇಕು ಎಂದಳು. ಇವರು ಜೇನುಪೆಟ್ಟಿಗೆಗಳನ್ನು ತಮ್ಮನ ಕೈಗೆ ಒಪ್ಪಿಸಿ ನನ್ನನ್ನೂ ಕರೆದುಕೊಂಡು ಹೊರಟೇಬಿಟ್ಟರು. ಮಗಳು ಕರೆದಳು ಎಂಬ ಸಂಭ್ರಮದಲ್ಲಿ ಬಸ್ಸಿನುದ್ದಕ್ಕೂ ಪಕ್ಕದವನಿಗೆ ಅವಳ ಗುಣಗಾನ.

ಟೆಹರಾನಿನಲ್ಲಿ ತಾಲೀಮು ನೋಡಲು ಆರಾಸ್ತೆ ಎಂಬುವರು ಬಂದರು. ರಂಗಮಂದಿರ ನಡೆಸುವವರು ಅವರೇ, ಹೊರದೇಶದ ಉತ್ಸವಗಳಿಗೆ ನಾಟಕ ಆರಿಸಿ ಕಳಿಸುವವರೂ ಅವರೇ. ಒಳ್ಳೆಯ ಮನುಷ್ಯ, ನನಗೆ ತಾವೇ ಚಹಾ ತಂದುಕೊಟ್ಟರು. ಆದರೆ ಅವರ ತಲೆಯಲ್ಲಿ ಒಂದು ‘ಅಸಲಿ’ ಇತ್ತು. ಕಪ್ಪು ಕನ್ನಡಕ ಅಸಲಿಯಲ್ಲ, ತೆಗೆಯಬೇಕು. ಒಂದು ಒಂಟೆ ಸಿಕ್ಕರೆ ಒಳ್ಳೆಯದು. ನಮ್ಮ ಗುಡ್ಡಗಳಲ್ಲಿ ಒಂಟೆ ಕಂಡವರು ಯಾರು? ನಮ್ಮ ಶಿಮರ್ ಬರುವುದು ಪಕ್ಕದೂರಿನವರಿಂದ ಕೇಳಿ ತಂದ ಕುದುರೆಯ ಮೇಲೆ, ಅದಕ್ಕೂ ಡೋಲಿನ ಸದ್ದೆಂದರೆ ಆಗುವುದಿಲ್ಲ. ನಾನು ನಕ್ಕೆ, ಇವರೂ ನಕ್ಕರು. ಆಮೇಲೆ ಆರಾಸ್ತೆ ಚೀಟಿಯ ಮಾತು ತೆಗೆದರು. ಅದನ್ನು ನೋಡಿದರೆ ಪಾಪ ಮುದುಕರಿಗೆ ಮಾತು ಮರೆತಿದೆ ಎಂದುಕೊಳ್ಳುತ್ತಾರೆ ಹೊರಗಿನವರು, ನಟ ಪೂರ್ತಿ ಶಿಮರನೇ ಆಗಿಬಿಡಬೇಕು, ಆಗಲೇ ಅದು ಅಸಲಿ ಎಂದರು. ಇವರು ನಗು ನಿಲ್ಲಿಸಿದರು. ಮಗಳು ಹೌದೆಂದು ತಲೆಯಾಡಿಸಿದ್ದನ್ನು ನಾನು ನೋಡಿದೆ.

ಅವತ್ತು ಮಗಳ ಮನೆಯಲ್ಲಿ ಊಟಕ್ಕೆ ಆಬ್‌ಗೂಶ್ತ್, ನಮ್ಮ ಕಡೆಯ ಮಾಂಸದ ಸಾರು, ಮಾಡಿದ್ದೆ. ಇವರು ಸಾರಿನಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ಹಾಗೇ ಕೂತಿದ್ದರು.

“ಬಾಬಾ, ಮಾತೆಲ್ಲ ನಿಮಗೆ ಬರುತ್ತೆ ತಾನೆ?” ಎಂದಳು ಮಗಳು.

“ಬರುತ್ತೆ.”

“ಮತ್ತೆ ಚೀಟಿ ಯಾಕೆ?”

“ಬರುತ್ತಲ್ಲ, ಅದಕ್ಕೇ.”

ಅವಳು ಅವರ ಮಂಡಿಯ ಮೇಲೆ ಕೈಯಿಟ್ಟು, “ಅಲ್ಲಿ ಕೂರೋರಿಗೆ ಇದೆಲ್ಲ ಗೊತ್ತಾಗಲ್ಲ ಬಾಬಾ. ಒಂದೇ ಒಂದು ಸಲ. ನನಗೋಸ್ಕರ” ಎಂದಳು.

ಇವರು ತಟ್ಟೆಯನ್ನೇ ನೋಡುತ್ತಿದ್ದರು. “ಆಯ್ತು ಬಾಬಾ ಜಾನ್” ಎಂದರು ಕೊನೆಗೆ. ನಮ್ಮಲ್ಲಿ ಅಪ್ಪಂದಿರು ಮಕ್ಕಳನ್ನು ಮುದ್ದು ಮಾಡುವಾಗ, ಮಕ್ಕಳು ತಮ್ಮನ್ನು ಕರೆಯುವ ‘ಬಾಬಾ’ ಎಂಬ ಹೆಸರಿನಿಂದಲೇ ಅವರನ್ನೂ ಕರೆಯುತ್ತಾರೆ. ಆ ಮುದ್ದು ಕೇಳಿ ನನಗೆ ಮೈ ಉರಿಯಿತು.

ಅಡುಗೆಮನೆಗೆ ಕರೆದು ಮಗಳಿಗೆ ಚೆನ್ನಾಗಿ ಬೈದೆ. “ಚೀಟಿ ಇಲ್ದೆ ಆ ಮಾತು ಆಡಿದ್ರೆ ನಿಮ್ಮಪ್ಪ ಊರಿಗೆ ಹೋಗಿ ಹೇಗೆ ಮುಖ ತೋರಿಸ್ತಾರೆ?”

“ಊರು ನಂಗೆ ಬಟ್ಟೆ ಮಡಚೋಕೆ ಬಿಟ್ಟು ಬೇರೇನಾದ್ರೂ ಮಾಡೋಕೆ ಬಿಡ್ತಾ ಮಾಮಾನ್?” ಎಂದಳು. ದನಿ ಏರಿಸಲಿಲ್ಲ. “ಊರಿನ ಮರ್ಯಾದೆ ಕಾಯೋದು ಮಾತ್ರ ನನ್ನ ಪಾಲಿಗಾ?”

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಾಟಕದ ದಿನ ಬಣ್ಣದ ಕೋಣೆಯಲ್ಲಿ ಇವರು ಚೀಟಿಗೆ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಜೀನ್ಸ್ ಜೇಬಿಗೆ ಸೇರಿಸಿ ಹಿಂದುಗಡೆ ದೀಪದವರು ಕೂರುವ ಗಾಜಿನ ಕೋಣೆಗೆ ಹೋದಳು. ಪಟ್ಟಣದ ನಾಟಕದಲ್ಲಿ ನಿರ್ದೇಶಕಿ ಜನರ ಕಣ್ಣಿಗೆ ಬೀಳಬಾರದಂತೆ. ನಮ್ಮೂರಲ್ಲಿ ಪೂರಾ ಉಲ್ಟಾ. ಆಟದ ಉಸ್ತಾದ್ ಮೊದಲಿನಿಂದ ಕೊನೆಯವರೆಗೂ ಚೌಕದ ನಡುವೆಯೇ ಓಡಾಡಿಕೊಂಡಿರುತ್ತಾನೆ. ಯಾರ ಸರದಿ ಬಂತೋ ಅವರ ಕೈಗೆ ಚೀಟಿ ಕೊಡುತ್ತಾನೆ, ತಡವಾದವರನ್ನು ನೂಕುತ್ತಾನೆ, ಅಳು ಬಂದರೆ ಅಲ್ಲೇ ನಿಂತು ಅಳುತ್ತಾನೆ. ನನ್ನ ಮಾವ, ಇವರ ಅಪ್ಪ, ಅಂಥ ಉಸ್ತಾದ್ ಆಗಿದ್ದವರು.

ನಾನು ಮುಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಆರಾಸ್ತೆ, ಅವರಾಚೆ ಉತ್ಸವದಿಂದ ಬಂದ ಹೊರದೇಶದ ಅತಿಥಿಗಳು. ನಾಟಕ ಶುರುವಾದ ಮೇಲೆ ನನ್ನ ಸಿಟ್ಟು ಎಲ್ಲಿ ಹೋಯಿತೋ. ನಮ್ಮ ರೊಟ್ಟಿ ಅಂಗಡಿ, ಅಲ್ಲಿನ ಗೇಲಿ, ಹಣೆಗೆ ಬಿದ್ದ ಚಪ್ಪಲಿ, ಎಲ್ಲವನ್ನೂ ನನ್ನ ಮಗಳು ತಂದು ಟೆಹರಾನಿನ ನಡುವೆ ಇಟ್ಟಿದ್ದಳು. ಜನ ನಕ್ಕ ಕಡೆ ನಾನೂ ನಕ್ಕೆ. ಶಿಮರನ ಹೆಂಡತಿಯ ಪಾತ್ರದವಳು ನನಗಿಂತ ಸಣ್ಣಗಿದ್ದಳು, ಬಾಯಿ ಮಾತ್ರ ನನ್ನದೇ. ಇಷ್ಟನ್ನೆಲ್ಲ ಇವಳು ಯಾವಾಗ ನೋಡಿಟ್ಟುಕೊಂಡಳು ಎಂದು ಬೆರಗಾಯಿತು.

ಕೊನೆಗೆ ಡೋಲು ಬಡಿಯಿತು, ಇವರು ಬಂದರು. ಕನ್ನಡಕವಿಲ್ಲದ ಮುಖ, ಬರಿಗೈ. ಆದರೂ ಆ ದನಿ ಕೇಳಿ ಒರಗಿ ಕೂತಿದ್ದವರೆಲ್ಲ ನೆಟ್ಟಗಾದರು. ಸೈನ್ಯದ ಜಂಬ, ಬೈಗುಳ, ಎಲ್ಲ ಸರಾಗವಾಗಿ ಬಂತು. ಇಮಾಮರ ಪಾತ್ರದ ಹುಡುಗ ಮಂಡಿಯೂರಿ ಕೂತ. ಇವರು ಕತ್ತಿ ಎತ್ತಿದರು. ಇನ್ನು ಕೊಲ್ಲುವ ಮುಂಚಿನ ಮಾತು ಬರಬೇಕು.

ಬರಲಿಲ್ಲ. ಡೋಲಿನವನು ಇನ್ನೊಮ್ಮೆ ಬಡಿದ. ಆಗಲೂ ಬರಲಿಲ್ಲ. ಮರೆತುಹೋಯಿತೇ ಎಂದು ಆರಾಸ್ತೆ ನನ್ನ ಕಿವಿಯಲ್ಲಿ ಕೇಳಿದರು. ಮರೆತಿಲ್ಲ ಎಂದು ನನಗೆ ಗೊತ್ತಿತ್ತು. ಇವರು ನಿಧಾನವಾಗಿ ಎಡಗೈಯನ್ನು ಮುಖದ ಮುಂದೆ ತಂದು ಅಂಗೈ ಬಿಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಆ ಖಾಲಿ ಅಂಗೈಯನ್ನೇ ಕಣ್ಣು ಕಿರಿದು ಮಾಡಿ ನೋಡುತ್ತ ಮೊದಲ ಪದವನ್ನು ಓದಿದರು, ಮುಂದಕ್ಕೆ ತುಟಿ ಅಲುಗಿತು, ದನಿ ಹೊರಡಲಿಲ್ಲ. ಮಗಳ ಮಾತು ಮೀರಲಾರದೆ, ಆ ಮಾತು ಆಡಲಾರದೆ, ನನ್ನ ಗಂಡ ಅಷ್ಟು ಜನರ ಮುಂದೆ ಒಬ್ಬರೇ ಸಿಕ್ಕಿಹಾಕಿಕೊಂಡು ನಿಂತಿದ್ದರು.

ಹಿಂದೆ ಬಾಗಿಲು ತೆರೆದ ಸದ್ದಾಯಿತು. ರುಖ್ಸಾರೆ ಮೆಟ್ಟಿಲಿಳಿದು ಜನರ ನಡುವೆಯೇ ಓಡಿಬಂದಳು. ಕೊರಳಲ್ಲಿ ಹೆಡ್‌ಫೋನ್ ನೇತಾಡುತ್ತಿತ್ತು, ತಲೆವಸ್ತ್ರ ಭುಜಕ್ಕೆ ಜಾರಿತ್ತು. ವೇದಿಕೆ ಹತ್ತಿ, ಬೆಳಕಿನೊಳಗೆ ನಿಂತು, ಜೇಬಿನಿಂದ ಚೀಟಿ ತೆಗೆದು ಮಡಿಕೆ ಬಿಡಿಸಿ ಅಪ್ಪನ ಅಂಗೈಯಲ್ಲಿ ಇಟ್ಟಳು. ಇಟ್ಟವಳು ತಾನೆಲ್ಲಿದ್ದೇನೆ ಎಂದು ಆಗ ಅರಿವಾದವಳಂತೆ ತಿರುಗಿ ಇಳಿಯಲು ಹೊರಟಳು.

ಇವರು ಬಲಗೈಯಲ್ಲಿದ್ದ ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿ, ಕೈಯನ್ನು ಎದೆಯ ಮೇಲಿಟ್ಟು, ತಲೆ ಬಾಗಿಸಿದರು. ನಮ್ಮ ಮಾವನ ಮುಂದೆ ಹಾಗೆ ಬಾಗಿಸುತ್ತಿದ್ದರು, ಇನ್ಯಾರ ಮುಂದೆಯೂ ಬಾಗಿಸಿದ್ದನ್ನು ನಾನು ಕಂಡಿಲ್ಲ.

“ಎಲ್ಲಿಗೆ ಹೋಗ್ತೀರಿ ಉಸ್ತಾದ್?” ಎಂದರು, ಎಲ್ಲರಿಗೂ ಕೇಳುವಂತೆ. “ನೀವು ಇಲ್ಲೇ ನಿಂತ್ಕೊಳ್ಳಿ. ನೀವಿದ್ರೆ ಓದ್ತೀನಿ.”

ಅವಳು ನಿಂತಳು. ಇವರು ಚೀಟಿ ನೋಡಿ ಓದಿದರು, ದನಿ ಒಡೆಯಿತು, ಮತ್ತೆ ಓದಿದರು, ಕತ್ತಿ ಎತ್ತಿದರು. ಅಪ್ಪ ಮಗಳು ಇಬ್ಬರ ಕೆನ್ನೆಯೂ ಒದ್ದೆ. ನನ್ನ ಹಿಂದೆ ಯಾರೋ ಗಂಡಸು ಮೂಗು ಸೀಟಿಕೊಂಡ, ಆಮೇಲೆ ಇನ್ನೊಬ್ಬರು, ಆಮೇಲೆ ಮಂದಿರಕ್ಕೆ ಮಂದಿರವೇ ನಮ್ಮೂರಿನ ಚೌಕದ ಹಾಗೆ ಅತ್ತಿತು. ನಾನಂತೂ ತಲೆಗೆ ಹೊದ್ದ ಚಾದರದ ಅಂಚನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಊರು ಬಟ್ಟೆ ಮಡಚಲು ಕೂರಿಸಿದ್ದ ಹುಡುಗಿ ಶಿಮರನಿಗೆ ಚೀಟಿ ಕೊಟ್ಟಳು. ಎದೆ ತುಂಬ ಹೆಮ್ಮೆಪಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆಟ ಮುಗಿದ ಮೇಲೆ ಆರಾಸ್ತೆ ಗಡಿಬಿಡಿಯಿಂದ ಬಂದರು. ನಿರ್ದೇಶಕಿ ಪ್ರತಿ ಸಲವೂ ಹೀಗೆ ನಡುವೆ ಬರುತ್ತಾಳಾ ಎಂದು ಅತಿಥಿಗಳು ಕೇಳುತ್ತಿದ್ದಾರೆ, ಇವತ್ತೊಂದು ಸಣ್ಣ ಎಡವಟ್ಟಾಯಿತು, ಉತ್ಸವದಲ್ಲಿ ಹೀಗಾಗುವುದಿಲ್ಲ ಎಂದು ಹೇಳಿಬಿಡಲೇ ಎಂದು ಕೇಳಿದರು.

“ಬೇಡ,” ಎಂದಳು ರುಖ್ಸಾರೆ. ಇನ್ನೂ ವೇದಿಕೆಯ ಮೇಲೆಯೇ ನಿಂತಿದ್ದಳು. “ಪ್ರತಿ ಸಲ ಬರ್ತೀನಿ ಅಂತ ಹೇಳಿ. ಚೀಟಿ ಕೊಡೋದು ನನ್ನ ಕೆಲಸ. ಕರೆಯೋದಾದ್ರೆ ಹೀಗೇ ಕರೀಲಿ, ಇಲ್ಲಾಂದ್ರೆ ಬೇಡ.”

ಆರಾಸ್ತೆ ಏನೋ ಹೇಳಲು ಬಾಯಿ ತೆರೆದರು. ಅವಳು ಅದಕ್ಕೆ ಕಾಯದೆ, ನಾಳೆಯ ಆಟಕ್ಕೆ ಬೇಕು ಎಂದು ಅಪ್ಪನ ಕೈಯಿಂದ ಚೀಟಿಯನ್ನು ವಾಪಸು ಕೇಳಿದಳು.