ಕೆಳಗಿನ ದನಿ

ಆ ಟ್ಯೂನ್ ಹೊಳೆದ ದಿನದಿಂದ ಗುಬ್ಬಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಬ್ಬಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಈಗ ಅದು ಪೋಸ್ಟರುಗಳ ಮೇಲೆ ಆಳೆತ್ತರ ಬೆಳೆದಿತ್ತು. ಹಾಡು ಬರೆಯುವವಳೂ ಅವಳೇ, ಸಂಗೀತ ಕಟ್ಟುವವಳೂ ಅವಳೇ, ಹಾಡುವವಳೂ ಅವಳೇ. ಸಂದರ್ಶನಕ್ಕೆ ಬಂದವರು ಕೇಳಲಿ ಬಿಡಲಿ, ಇದನ್ನೊಂದು ಸಲ ಹೇಳದೆ ಅವಳು ಎದ್ದದ್ದೇ ಇಲ್ಲ.

ಹೇಳಿಕೊಳ್ಳಲು ಈಚೆಗೆ ಬೇರೇನೂ ಇರಲಿಲ್ಲ ಅನ್ನಿ. ಹಿಂದಿನ ಎರಡು ಆಲ್ಬಮ್‌ಗಳು ಮಕಾಡೆ ಮಲಗಿದ್ದವು. ಹೊಸದರ ಕವರ್ ಮೇಲೆ ಕಂಪನಿಯವರು ‘ಎಲ್ಲವೂ ಒಬ್ಬಳದೇ’ ಎಂದು ದಪ್ಪಕ್ಷರದಲ್ಲಿ ಹಾಕಲು ಹೊರಟಿದ್ದರು. ಅದರ ಮೊದಲ ಹಾಡಿನ ಟ್ಯೂನ್ ಒಂದು ದಿನ ಪಾತ್ರೆ ತೊಳೆಯುವಾಗ, ಮೊದಲಿಂದ ಕೊನೆಯವರೆಗೆ ತಾನೇ ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು. ಕಷ್ಟಪಡದೆ ಬಂದದ್ದೇ ಕಷ್ಟವಾಯಿತು. ಇಷ್ಟು ಸಲೀಸಾಗಿ ಬಂದಿದೆಯೆಂದರೆ ಇದು ಬೇರೆ ಯಾರದೋ ಇರಬೇಕು ಎಂಬ ಹುಳ ತಲೆ ಹೊಕ್ಕಿತು. ಕದ್ದ ಹಾಡು ಎಂದು ಒಬ್ಬರು ಬಾಯಿಬಿಟ್ಟರೆ ಸಾಕು, ಗಳಿಸಿದ ಹೆಸರೆಲ್ಲ ಮಣ್ಣುಪಾಲು.

ಶುರುವಾಯಿತು ನೋಡಿ ಅವಳ ತಿರುಗಾಟ. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯಾಕೆಗೆ ಗುನುಗಿ ತೋರಿಸಿದಳು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆ ಎನ್ನುವ ಮೊದಲೇ ಗುನುಗಿದಳು. ಡ್ರಮ್ ಬಾರಿಸುವವನನ್ನು ನಿದ್ದೆಯಿಂದ ಎಬ್ಬಿಸಿ ಫೋನಿನಲ್ಲೇ ಕೇಳಿಸಿದಳು.

“ಎಲ್ಲೋ ಕೇಳಿದ್ದೀನಿ ಕಣ್ರೀ,” ಎಂದಳು ಪಕ್ಕದ ಮನೆಯಾಕೆ. “ಎಲ್ಲಿ ಅಂತ ಮಾತ್ರ ಹೊಳೀತಿಲ್ಲ.”

ಡ್ರಮ್ಮಿನವನೂ ಅದನ್ನೇ ಹೇಳಿದ. ಹಾಡು ಗುರುತು ಹಿಡಿಯುವ ಆ್ಯಪ್ ಮಾತ್ರ ಇಂಥದ್ದೊಂದು ತನ್ನಲ್ಲಿ ಇಲ್ಲವೇ ಇಲ್ಲ ಎಂದಿತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿದ್ದೇವೆ. ಇವಳೋ, ಯಾರೂ ಏನೂ ಅನ್ನುವ ಮೊದಲೇ ಹೆಗಲು ಸವೆಯುವಷ್ಟು ಮುಟ್ಟಿಕೊಳ್ಳುತ್ತಿದ್ದಳು.

ಕವರ್ ಪ್ರಿಂಟಿಗೆ ಹೋಗುವ ದಿನ ಬೆಳಿಗ್ಗೆ ಸ್ಟುಡಿಯೋಗೆ ನುಗ್ಗಿದಳು. ಅಲ್ಲಿ ರೆಕಾರ್ಡಿಂಗ್ ಮಾಡುವ ಹಿರಿಯರನ್ನು ಎಲ್ಲರೂ ಕಿವಿಮಾಮ ಎನ್ನುತ್ತಿದ್ದರು. ಅವಳ ಮೊಟ್ಟಮೊದಲ ಹಾಡನ್ನು ರೆಕಾರ್ಡ್ ಮಾಡಿದವರೂ ಅವರೇ.

“ನಿಜ ಹೇಳಿ ಮಾಮ, ಇದು ಯಾರದು?”

ಕಿವಿಮಾಮ ಕಣ್ಣು ಮುಚ್ಚಿ ಕೇಳಿದರು. “ಇಲ್ಲೇ ಎಲ್ಲೋ ಇದೆ, ಕೈಗೆ ಸಿಕ್ತಿಲ್ಲ. ನಿಮ್ಮಕ್ಕನ್ನ ಕೇಳು. ಒಂದು ಸಲ ಕಿವಿಗೆ ಬಿದ್ದದ್ದನ್ನ ಅವಳು ಮರೆಯೋದಿಲ್ಲ.”

“ಅವಳನ್ನ ಯಾಕೆ ಕೇಳ್ಬೇಕು?”

“ಕೇಳ್ಬೇಡ ಹಾಗಾದ್ರೆ. ಇಲ್ಲೇ ಸುಮ್ನೆ ಕೂತ್ಕೋ.”

ಅದೊಂದು ಅವಳಿಂದ ಆಗುವಂತಿರಲಿಲ್ಲ.

ಅಕ್ಕನ ಮಾತು ಬಂದರೆ ಗುಬ್ಬಿ ತೇಲಿಸಿಬಿಡುತ್ತಿದ್ದಳು. ಮೊದಲ ಹಾಡು ಹಾಡಿದಾಗ ಇಬ್ಬರಿದ್ದರು, ಒಂದೇ ಮೈಕಿನ ಮುಂದೆ, ಭುಜಕ್ಕೆ ಭುಜ ತಾಗಿಸಿಕೊಂಡು. ತಂಗಿಯದು ಮೇಲಿನ ದನಿ. ಜನರ ಬಾಯಿಗೆ ಹತ್ತಿದ್ದು ಅದೇ. ಅಕ್ಕನದು ಅದರ ಕೆಳಗೆ ಜೊತೆಜೊತೆಯಾಗಿ ಸಾಗುವ ಬೇರೊಂದು ಮಟ್ಟು. ಹಾಡು ಮನೆಮಾತಾದ ಮೇಲೆ ಕಂಪನಿಯವರು ಪೋಸ್ಟರಿಗೆ ಒಂದು ಮುಖ ಸಾಕು ಎಂದರು, ಗುಬ್ಬಿ ಹೂಂ ಎಂದಳು. ಅಕ್ಕನಿಗೆ ವಿಷಯ ತಿಳಿದದ್ದು ಪೋಸ್ಟರ್ ಗೋಡೆಗೆ ಹತ್ತಿದ ಮೇಲೆ. ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಅಕ್ಕ ಈಗ ಪರದೆ, ಸೋಫಾ ಕವರ್ ಹೊಲಿಯುವ ಅಂಗಡಿ ಇಟ್ಟಿದ್ದಳು. ಗುಬ್ಬಿ ಹೋದಾಗ ಅವಳು ಉದ್ದದ ನೀಲಿ ಬಟ್ಟೆಯನ್ನು ಮೇಜಿನ ತುಂಬ ಹರಡಿ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಿಸುತ್ತಿದ್ದಳು. ಬಾ ಎನ್ನಲು ಬಾಯಿ ಖಾಲಿಯಿರಲಿಲ್ಲ. ಹುಬ್ಬಿನಲ್ಲೇ ಸ್ಟೂಲು ತೋರಿಸಿದಳು.

ಗುಬ್ಬಿ ಕೂರಲಿಲ್ಲ. “ಇದನ್ನ ಎಲ್ಲಾದ್ರೂ ಕೇಳಿದ್ದೀಯಾ ನೋಡು,” ಎಂದು ಮೇಜು ಸುತ್ತುತ್ತಲೇ ಗುನುಗತೊಡಗಿದಳು.

ಅಕ್ಕನ ಕೈ ನಿಂತಿತು. ಎರಡನೆಯ ಸಾಲಿನ ಹೊತ್ತಿಗೆ, ಸೂಜಿ ಕಚ್ಚಿದ ತುಟಿ ತೆರೆಯದೆ, ಅವಳೂ ಗುನುಗತೊಡಗಿದಳು. ಆದರೆ ಅದು ಗುಬ್ಬಿಯ ಟ್ಯೂನ್ ಆಗಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಆ ಮೊದಲ ಹಾಡು, ಅದರ ಮೇಲಿನ ದನಿ. ಗುಬ್ಬಿಯ ಟ್ಯೂನಿನ ಮೇಲೆ ಅದು ಡಬ್ಬಿಗೆ ಅದರದೇ ಮುಚ್ಚಳ ಕೂತಂತೆ ಕೂತಿತು.

ಗುಬ್ಬಿಯ ಕಾಲುಗಳು ಅಲ್ಲೇ ನಿಂತವು. ತಾನು ಹೊಸದೆಂದುಕೊಂಡದ್ದು ಅಕ್ಕ ಅಂದು ಕೆಳಗೆ ಹಾಡುತ್ತಿದ್ದ ಮಟ್ಟು. ನಡೆ ನಿಧಾನವಾಗಿತ್ತು, ಅಷ್ಟೇ. ಮೇಲಿನದನ್ನು ಹಾಡುತ್ತ ಹಾಡುತ್ತ ಅದನ್ನು ಎಷ್ಟು ಸಲ ಪಕ್ಕದಲ್ಲೇ ಕೇಳಿದ್ದಳೋ, ಅದೂ ಒಂದು ಹಾಡು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಾಯಿತು.

“ಅದನ್ನ ಯಾರು ಮಾಡಿದ್ದು ಅಕ್ಕ?”

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. “ಇನ್ಯಾರು ಮಾಡ್ತಾರೆ? ನೀನು ಮೇಲೆ ಹೋಗಿ ಕೂತ್ರೆ ನನಗೂ ನಿಲ್ಲೋಕೆ ಒಂದು ಜಾಗ ಬೇಕಿತ್ತಲ್ಲ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಂಪನಿಯ ಮೇಡಂ, ಕವರ್ ಕಳಿಸಲಾ ಎಂದು ಕೇಳಿದರು.

“ಬೇಡ, ನಿಲ್ಸಿ ಮೇಡಂ. ಆ ದಪ್ಪಕ್ಷರದ್ದು ತೆಗೀರಿ. ಸಂಗೀತ ಅಂತ ಇರೋ ಕಡೆ ನಮ್ಮಕ್ಕನ ಹೆಸರು ಹಾಕಿ.”

ಹೇಳಿದ ಮೇಲೆ ಎದೆ ಹಗುರಾಯಿತು. ದೊಡ್ಡ ಮನಸ್ಸು ಮಾಡಿದೆ ಎಂದು ಒಳಗೊಳಗೇ ಬೀಗಿದಳು ಕೂಡ. ಅಕ್ಕನ ಕಡೆ ತಿರುಗಿದರೆ ಅವಳ ಮುಖ ಗಂಟಿಕ್ಕಿತ್ತು.

“ಯಾರನ್ನ ಕೇಳಿ ಹೇಳಿದೆ? ಅವತ್ತು ಕೇಳದೆ ತೆಗೆದೆ. ಇವತ್ತು ಕೇಳದೆ ಹಾಕ್ತಿದ್ದೀಯ.”

ಗುಬ್ಬಿ ಫೋನನ್ನು ಕಟ್ ಮಾಡದೆ ಹಾಗೇ ನೀಲಿ ಬಟ್ಟೆಯ ಮೇಲಿಟ್ಟಳು. “ತಪ್ಪಾಯ್ತು ಅಕ್ಕ. ಅವತ್ತಿಂದೂ ಸೇರಿಸಿ ಹೇಳ್ತಿದ್ದೀನಿ. ಈಗ ಕೇಳ್ತೀನಿ, ಹಾಕಿಸ್ಲಾ?”

“ಮೊದ್ಲು ಹಾಡು ನೋಡೋಣ.”

ಇಬ್ಬರೂ ಹಾಡಿದರು. ಹಾಡು ಏರುವ ಜಾಗ ಬಂದಾಗ ಗುಬ್ಬಿಯ ದನಿ ಹಳೆಯ ಚಾಳಿಯಂತೆ ಮೇಲಕ್ಕೆ ಹಾರಿತು. ಅಕ್ಕ ಕತ್ತರಿಯಿಂದ ಮೇಜು ಕುಟ್ಟಿದಳು.

“ಅದೀಗ ನಂದು. ನೀನು ಕೆಳಗೇ ಇರು.”

ಮತ್ತೆ ಮೊದಲಿಂದ. ಕೆಳಗಿರುವುದು ಸುಲಭವಾಗಿರಲಿಲ್ಲ. ಮೇಲಿನವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಎಳೆಯುತ್ತಾಳೆ ಎಂದು ಕಿವಿಗೊಟ್ಟೇ ಇರಬೇಕಿತ್ತು. ಗುಬ್ಬಿ ಸ್ಟೂಲು ಎಳೆದುಕೊಂಡು ಕೂತಳು.

“ಹಲೋ, ಹೆಸರು ಹಾಕೋದಾ ಬೇಡ್ವಾ?” ಎಂದಿತು ಬಟ್ಟೆಯ ಮೇಲಿದ್ದ ಫೋನು.

ಗುಬ್ಬಿ ಅದರತ್ತ ಕೈ ಚಾಚಿದಳು. ಅಕ್ಕ ಆ ಕೈ ಹಿಡಿದುಕೊಂಡಳು.

“ಹಾಕ್ಸು. ಆದ್ರೆ ಹಾಡು ಮುಗೀಲಿ.”