ಹಿಂದಕ್ಕೆ ಎಸೆಯುವವನು

ಪ್ರಣತಿ ಶವಪೆಟ್ಟಿಗೆಯೊಳಗೆ ಗಂಡನ ಮೇಲೆ ಹಳದಿ ಜೆರ್ಸಿ ಹೊದಿಸಿದಳು, ತೆಗೆದಳು, ನೀಲಿಯದನ್ನು ಹೊದಿಸಿ ಅದನ್ನೂ ಎಳೆದುಕೊಂಡಳು. ಜಪಾನಿನ ಕೋಬೆ ನಗರದ ಚಿತಾಗಾರದವರು ಮುಚ್ಚಳ ಹಾಕಲು ಕಾದು ನಿಂತಿದ್ದರು.

"ಯಾವ್ದೋ ಒಂದು ಹಾಕಮ್ಮ. ಎಲ್ಲಾ ಟೀಮೂ ಅವನ್ದೇ ಅಲ್ವಾ?" ಎಂದರು ಅತ್ತೆ ಅಹಲ್ಯಾ.

"ಯಾವ್ದೂ ಅವನ್ದಲ್ಲ ಅತ್ತೆ. ಯಾರೂ ಎರಡನೇ ಸೀಸನ್‌ಗೆ ಇಟ್ಕೊಳ್ಲಿಲ್ಲ."

"ಅಮ್ಮಾ, ಪ್ಲೀಸ್, ಜಸ್ಟ್ ಪಿಕ್ ಒನ್," ಎಂದಳು ಮಗಳು ನಿಶಾ.

ಭುವನ್ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆಂದರೆ ಮೈಸೂರಿನ ನೆಂಟರು ಎಷ್ಟು ಗೋಲು ಹೊಡೆದ ಎಂದು ಕೇಳುತ್ತಿದ್ದರು. ಒಂದೂ ಇಲ್ಲ. ಅವನ ಕೆಲಸ ಬಗ್ಗಿ ನಿಂತು, ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುವುದು. ಹಿಂದೆ ಒಂದು ಮಂಡಿಯೂರಿ ಕೂತವನು ಅದನ್ನು ಹಿಡಿದು ನೆಲಕ್ಕೆ ನಿಲ್ಲಿಸಬೇಕು, ಮೂರನೆಯವನು ಒದೆಯಬೇಕು. ಹೆಸರೆಲ್ಲ ಒದ್ದವನಿಗೆ. ಗುರಿ ತಪ್ಪಿದ ದಿನ ಮಾತ್ರ ಭುವನ್ ಯಾರೆಂದು ಜನಕ್ಕೆ ಗೊತ್ತಾಗುತ್ತಿತ್ತು.

*

ತಂಡ ಬದಲಾದಾಗೆಲ್ಲ ಮನೆ ಬದಲು: ಕೋಬೆ, ಉರಯಾಸು, ಮತ್ತೆ ಕೋಬೆ. ಪ್ರತಿ ಹೊಸ ಬಾಡಿಗೆಮನೆಯಲ್ಲೂ ಪ್ರಣತಿ ಅಡುಗೆಮನೆ ನೋಡಿದರೆ ಅವನು ಹಜಾರದ ಉದ್ದ ನೋಡುತ್ತಿದ್ದ. ಊಟಕ್ಕೆ ಮುಂಚೆ ಅವಳು ಅಲ್ಲಿ ಮಂಡಿಯೂರಿ, ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿ ಕೈ ಚಾಚಬೇಕು. ಚೆಂಡು ಬಡಿದರೆ ಅಂಗೈ ಉರಿಯುತ್ತಿತ್ತು.

"ಕೈ ಅಲ್ಲಾಡಿಸ್ಬೇಡ ಕಣೆ. ಅದನ್ನ ನಂಬ್ಕೊಂಡೇ ನಾನು ಎಸೆಯೋದು."

ಕಳೆದ ಮಾರ್ಚಿನಲ್ಲಿ ಸೆಂಡಾಯ್ ತಂಡದವರು ಕರೆದಾಗ ಅವಳಿಗೆ ತಲೆ ಕೆಟ್ಟುಹೋಯಿತು. "ಸಾಕು. ಇನ್ನೊಂದು ಸಲ ಗಂಟುಮೂಟೆ ಕಟ್ಟಲ್ಲ, ನಿನ್ನ ಬಾಲೂ ಹಿಡಿಯಲ್ಲ. ಹೋಗೋದಾದ್ರೆ ಒಬ್ಬನೇ ಹೋಗು."

ಅವನು ಒಬ್ಬನೇ ಹೋದ. ಅಲ್ಲೇ, ಅಭ್ಯಾಸದ ನಡುವೆ ಅವನ ಹೃದಯ ನಿಂತಿತು. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಸತ್ತನೇ ಎಂಬ ಸಂಕಟಕ್ಕೆ ಪ್ರಣತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

*

ಸೆಂಡಾಯ್‌ನಿಂದ ಬಂದಿದ್ದ ಮೊರಿತಾ ಸಾನ್ ಹತ್ತಿರ ಬಂದು ತಲೆಬಾಗಿದ. ಮೈದಾನದಲ್ಲಿ ಭುವನ್ ಎಸೆದದ್ದನ್ನು ಹಿಡಿಯುತ್ತಿದ್ದವನು ಅವನೇ.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಜಪಾನಿಯಲ್ಲೇ ಶುರುಮಾಡಿದ. "ಅವರ ರೂಮು ಖಾಲಿ ಮಾಡಿದ್ದು ನಾನೇ. ಗೋಡೆಗೆ ಹಾಸಿಗೆ ಆನಿಸಿ, ಅದರ ಮೇಲೆ ಟೇಪಿನಲ್ಲಿ ಎರಡು ಕೈ ಮಾಡ್ಕೊಂಡಿದ್ರು. ದಿನಾ ಅಲ್ಲಿಗೇ ಎಸೀತಿದ್ರು. ತುಂಬ ಚಿಕ್ಕ ಕೈಗಳು. ನನ್ನ ಕೈ ಅಳತೆಗೆ ಮಾಡ್ಕೊಳ್ಳಿ ಅಂತ ಒಂದ್ಸಲ ಹೇಳಿದ್ದೆ."

"ಅದಕ್ಕೇನಂದ?"

"ನಕ್ಕರು. 'ಇವು ಅಲ್ಲಾಡಲ್ಲ' ಅಂದ್ರು."

ಪ್ರಣತಿ ತನ್ನ ಅಂಗೈಗಳನ್ನು ನೋಡಿಕೊಂಡಳು. ಅಳು ಒತ್ತರಿಸಿ ಬಂತು, ತಡೆಯಲಿಲ್ಲ. ಆಮೇಲೆ ಜೆರ್ಸಿಗಳನ್ನೆಲ್ಲ ನಿಶಾಳ ತೋಳಿಗೆ ಹೇರಿ, ಅತ್ತೆ ತಂದಿದ್ದ ಬಿಳಿ ಪಂಚೆಯನ್ನು ಅವನಿಗೆ ಹೊದಿಸಿದಳು.

ಮಧ್ಯಾಹ್ನ ದಹನ ಮುಗಿದ ಮೇಲೆ, ಇಲ್ಲಿನ ಪದ್ಧತಿಯಂತೆ, ಮನೆಯವರೆಲ್ಲ ಚಾಪ್‌ಸ್ಟಿಕ್ಕಿನಲ್ಲಿ ಮೂಳೆಗಳನ್ನು ಎತ್ತಿ ಕುಡಿಕೆಗೆ ತುಂಬಿದ್ದಾಯಿತು. ಚಿತಾಗಾರದ ನೌಕರ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಪ್ರಣತಿಯ ಕಡೆಗೆ ನಡೆದು ಬಂದ.

ಅವಳು ನೆಲಕ್ಕೆ ಒಂದು ಮಂಡಿಯೂರಿದಳು. ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿ ಕೈ ಚಾಚಿದಳು.

"ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?" ಎಂದಳು ನಿಶಾ.

ಮೊರಿತಾ ಸಾನ್ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟ. ಅವಳ ಕೈ ಅಲ್ಲಾಡಲಿಲ್ಲ.